ಕೆಲಸ ಬಿಟ್ಟ ಮೇಲೂ ಬೆಳೆಯುವ ಕಾಯಿಲೆ: ಕಲ್ಲಿನ ಧೂಳು ಮತ್ತು ಆಂಟನಿ ಆಲಿಸನ್

ಕೋಲಾರದ ಚಿನ್ನದ ಗಣಿಗೆ ಬೀಗ ಬಿದ್ದದ್ದು 2001ರ ಫೆಬ್ರವರಿ 28ರಂದು. ಗಣಿ ನಿಂತ ಮೇಲೆ ಧೂಳು ನಿಂತಿತು, ಧೂಳು ನಿಂತ ಮೇಲೆ ಧೂಳಿನ ಕಾಯಿಲೆಯೂ ಅಲ್ಲಿಗೇ ನಿಲ್ಲಬೇಕು ಅನ್ನುವುದು ಯಾರಿಗಾದರೂ ಹೊಳೆಯುವ ಲೆಕ್ಕ. ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ಹತ್ತುವ ಸಿಲಿಕೋಸಿಸ್ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಕಲ್ಲಿನ ಕೆಲಸ ಬಿಟ್ಟು ಹತ್ತು, ಇಪ್ಪತ್ತು ವರ್ಷ ಕಳೆದವರ ಎದೆಯ ಎಕ್ಸ್‌ರೇಯಲ್ಲಿ ಹೊಸ ಚುಕ್ಕೆಗಳು ಮೂಡಬಹುದು, ಹಳೆಯ ಚುಕ್ಕೆಗಳು ಕೂಡಿಕೊಂಡು ಗಡ್ಡೆಯಾಗಬಹುದು. ಕೆಲಸದಲ್ಲಿದ್ದಾಗ ಮೆಟ್ಟಿಲು ಹತ್ತಿಳಿದು ಓಡಾಡಿಕೊಂಡಿದ್ದವನಿಗೆ ಪಿಂಚಣಿಯ ಕಾಲದಲ್ಲಿ ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ದಮ್ಮು ಹತ್ತುತ್ತದೆ.

ನಮ್ಮ ಕಡೆ ಇದನ್ನು ‘ಎದೆಯಲ್ಲಿ ಧೂಳು ಕೂತಿದೆ’ ಅನ್ನುತ್ತಾರೆ. ಕೂತ ಧೂಳು ಇಳಿಯಲಿ ಎಂದು ಸಂಜೆ ಒಂದು ಅಚ್ಚು ಬೆಲ್ಲ ತಿನ್ನುವವರಿದ್ದಾರೆ, ಎರಡು ಬಾಳೆಹಣ್ಣು ತಿನ್ನುವವರಿದ್ದಾರೆ. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಇರುವುದು ಶ್ವಾಸಕೋಶದಲ್ಲಿ. ಎರಡೂ ಮುಖ ನೋಡುವುದೇ ಇಲ್ಲ. ಬೆಲ್ಲದ ಮಾತು ಹಾಗಿರಲಿ, ‘ಧೂಳು ಕೂತಿದೆ’ ಅನ್ನುವ ವಿವರಣೆಯೇ ಅರೆಬೆಂದದ್ದು. ಸುಮ್ಮನೆ ಕೂತ ಧೂಳು ಇಪ್ಪತ್ತು ವರ್ಷದ ಮೇಲೆ ಎದ್ದು ಕಾಯಿಲೆ ಬೆಳೆಸುವುದಿಲ್ಲ. ಅದು ಒಳಗೆ ಏನೋ ಮಾಡುತ್ತಲೇ ಇರಬೇಕು. ಏನು ಮಾಡುತ್ತಿದೆ ಎಂದು ಕೋಶದೊಳಗೆ ಇಣುಕಿ ತೋರಿಸಿದವರಲ್ಲಿ ಮುಖ್ಯನಾದವನು ಆಂಟನಿ ಆಲಿಸನ್ ಎಂಬ ವಿಜ್ಞಾನಿ. ಕೋಲಾರಕ್ಕೂ ಅವನಿಗೂ ನೇರ ನಂಟಿಲ್ಲ. ಆದರೆ ಅವನು ಕೊಟ್ಟ ಉತ್ತರ ಕೋಲಾರ, ಚಿಕ್ಕಬಳ್ಳಾಪುರದ ಕಲ್ಲುಕೆಲಸದವರು ತಿಳಿಯಲೇಬೇಕಾದ ಉತ್ತರ.

ಮೊದಲು ಕಲ್ಲಿನ ವಿಷಯ. ನಮ್ಮ ಎರಡೂ ಜಿಲ್ಲೆಗಳ ನೆಲದಡಿ ಇರುವುದು ಬಹುಪಾಲು ಗ್ರಾನೈಟ್ ಜಾತಿಯ ಬೂದುಬಂಡೆ. ಅದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಬೆಣಚು, ಅಂದರೆ ಹರಳುಗಟ್ಟಿದ ಸಿಲಿಕಾ. ಕೆಜಿಎಫ್‌ನ ಚಿನ್ನ ಇದ್ದದ್ದಂತೂ ಬೆಣಚಿನ ಸಿರಗಳಲ್ಲೇ. ಚಿನ್ನ ಬೇಕೆಂದರೆ ಬೆಣಚನ್ನು ಕೊರೆಯಬೇಕು, ಸಿಡಿಸಬೇಕು, ಹಿಟ್ಟು ಮಾಡಬೇಕು. ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಲಸ ಶುರು ಮಾಡಿದಾಗಿನಿಂದ ಬೀಗ ಬೀಳುವವರೆಗೆ ಸುಮಾರು 800 ಟನ್ ಚಿನ್ನ ಆ ಹಿಟ್ಟಿನಿಂದ ಹೊರಬಂತು. ಉಳಿದ ಹಿಟ್ಟು ಸೈನೈಡ್ ದಿಬ್ಬಗಳಾಗಿ ಇವತ್ತಿಗೂ ಊರಿನ ನಡುವೆ ನಿಂತಿದೆ, ಮೂರು ಕೋಟಿ ಟನ್ನಿಗೂ ಹೆಚ್ಚು. ಬೇಸಿಗೆಯ ಗಾಳಿ ಎದ್ದ ದಿನ ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಕಡೆಯ ಲೈನ್ ಮನೆಗಳಲ್ಲಿ ಒಣಗಹಾಕಿದ ಬಟ್ಟೆ ಮತ್ತೆ ಒಗೆಯಬೇಕಾಗುತ್ತದೆ.

ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಈ ಗಣಿಗಳಿಂದಲೇ, 1934ರಲ್ಲಿ. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಕಾಯಿಲೆ ಕಂಡಿತು. ಚಿನ್ನದ ತೂಕ ಮಿಲಿಗ್ರಾಂ ಬಿಡದಂತೆ ಬರೆದಿಟ್ಟ ಊರಿನಲ್ಲಿ ಈ ಸಂಖ್ಯೆ ಎಷ್ಟು ಜನರ ಬಾಯಲ್ಲಿದೆ? ಹತ್ತು ಸಾವಿರ ಅಡಿ ಆಳದ ಹೆಮ್ಮೆ, 1902ರಲ್ಲೇ ಶಿವನಸಮುದ್ರದಿಂದ ಬಂದ ಕರೆಂಟಿನ ಹೆಮ್ಮೆ ಎಲ್ಲರಿಗೂ ಕಂಠಪಾಠ.

ಗಣಿ ಹೋಯಿತು, ಕಲ್ಲು ಹೋಗಲಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ದೇವರ ವಿಗ್ರಹ ಕೆತ್ತುವ ಮನೆಗಳ ಮುಂದೆ ಹೋಗಿ ನಿಂತು ನೋಡಿ. ಉಳಿ ಸುತ್ತಿಗೆಯಲ್ಲಿ ಕೆತ್ತುವಾಗ ಏಳುವುದು ಚೂರು. ಕಾಲ ಬಳಿ ಬೀಳುತ್ತದೆ, ಗುಡಿಸಿದರಾಯಿತು. ಅದೇ ಕಲ್ಲಿಗೆ ಕರೆಂಟಿನ ಗ್ರೈಂಡರ್ ಹಿಡಿದಾಗ ಏಳುವುದು ಹೊಗೆಯಂಥ ಬಿಳಿ ಮೋಡ. ಚಕ್ರ ಕಲ್ಲಿಗೆ ತಾಗಿದ ಕ್ಷಣದಲ್ಲಿ ಕೆತ್ತುವವನ ಮುಖವೇ ಕಾಣುವುದಿಲ್ಲ. ಮೋಡ ಸರಿದಾಗ ರೆಪ್ಪೆ, ಹುಬ್ಬು, ಕಿವಿಯ ರೋಮ ಎಲ್ಲ ಬೆಳ್ಳಗೆ. ಬಾಯಿಗೆ ಕಟ್ಟಿದ ಟವಲ್ಲಿನ ಮೇಲೆ ಮೂಗಿನ ಎರಡು ಹೊಳ್ಳೆಗಳ ಜಾಗದಲ್ಲಿ ಮಾತ್ರ ಒದ್ದೆ ಕಲೆ. ಚಿಕ್ಕಬಳ್ಳಾಪುರದ ಜಲ್ಲಿ ಕ್ರಷರ್‌ಗಳ ಕಥೆಯೂ ಇದೇ, ಇನ್ನೂ ದೊಡ್ಡ ಗಾತ್ರದಲ್ಲಿ. ಹೊಳೆಯ ಮರಳಿಗೆ ತಡೆ ಬಿದ್ದ ಮೇಲೆ ಎಂ-ಸ್ಯಾಂಡ್ ಬಂತು. ಜಲ್ಲಿಗೆ ಒಡೆಯುತ್ತಿದ್ದ ಬಂಡೆಯನ್ನು ಈಗ ಮರಳಿನಷ್ಟು ಸಣ್ಣಗೆ ಪುಡಿ ಮಾಡುತ್ತಾರೆ. ಪುಡಿ ಸಣ್ಣದಾದಷ್ಟೂ ಎದೆಗೆ ಕಷ್ಟ.

ಯಾಕೆ ಕಷ್ಟ ಅನ್ನುವುದು ಗಾತ್ರದ ಲೆಕ್ಕ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿ, ಗಂಟಲಿನಲ್ಲಿ ಸಿಕ್ಕಿಬೀಳುತ್ತದೆ. ಶ್ವಾಸನಾಳದ ಒಳಗೋಡೆಯಲ್ಲಿ ಲೋಳೆಯಿದೆ, ಲೋಳೆಯನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿವೆ; ಹಿಡಿದ ಧೂಳನ್ನು ಅವು ಕಫವಾಗಿ ಹೊರಗೆ ಕಳಿಸುತ್ತವೆ. ಆದರೆ ನಾಲ್ಕೈದು ಮೈಕ್ರಾನಿಗಿಂತ ಸಣ್ಣ ಕಣ, ಅಂದರೆ ನಮ್ಮ ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕದು, ಈ ಕಾವಲು ದಾಟಿ ಗಾಳಿಗೂಡುಗಳವರೆಗೆ ಇಳಿಯುತ್ತದೆ. ಅಲ್ಲಿ ರೋಮವೂ ಇಲ್ಲ, ಲೋಳೆಯೂ ಇಲ್ಲ. ರಕ್ತ ಮತ್ತು ಗಾಳಿಯ ನಡುವೆ ಇರುವುದು ತೆಳುವಾದ ಪೊರೆಯೊಂದೇ. ಇಲ್ಲಿ ಸ್ವಚ್ಛತೆಯ ಹೊಣೆ ಮ್ಯಾಕ್ರೋಫೇಜ್ ಎಂಬ ಕೋಶದ್ದು. ಬ್ಯಾಕ್ಟೀರಿಯಾ ಬರಲಿ, ಹೊಗೆಯ ಮಸಿ ಬರಲಿ, ಸತ್ತ ಕೋಶದ ತುಣುಕು ಬರಲಿ, ಸುತ್ತುವರಿದು ನುಂಗುವುದು ಅದರ ಕೆಲಸ. ಇಂಥ ಕೋಶಗಳಿವೆ ಎಂದು 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿ ಕಂಡುಕೊಂಡವನು ರಷ್ಯಾದ ಮೆಚ್ನಿಕಾಫ್. 1908ರಲ್ಲಿ ನೊಬೆಲ್ ಬಂತು. ನಮ್ಮನ್ನು ಕಾಯುವ ರೋಗನಿರೋಧಕ ಶಕ್ತಿಯ ಅತಿ ಹಳೆಯ ಅಂಗ ಇದು. ಸಿಲಿಕೋಸಿಸ್ ಶುರುವಾಗುವುದು ಇದರ ಹೊಟ್ಟೆಯಲ್ಲಿ.

ಇನ್ನು ಆಲಿಸನ್. 1925ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಕೀನ್ಯಾದ ಗಿಲ್ಗಿಲ್ ಬಳಿಯ ತೋಟದಲ್ಲಿ ಬೆಳೆದವನು. ಓದಿದ್ದು ಮೊದಲು ಜೋಹಾನ್ಸ್‌ಬರ್ಗ್‌ನಲ್ಲಿ, ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ವೈದ್ಯಕೀಯ. ಜೋಹಾನ್ಸ್‌ಬರ್ಗ್ ಅಂದರೆ ಕೆಜಿಎಫ್‌ನ ದೊಡ್ಡಣ್ಣ: ಚಿನ್ನ, ಆಳದ ಗಣಿ, ಎದೆಯೊಳಗಿನ ಧೂಳು. ಸಿಲಿಕೋಸಿಸ್ ಬಗ್ಗೆ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1930ರಲ್ಲಿ ನಡೆದದ್ದೂ ಅಲ್ಲೇ. ಆದರೆ ಆಲಿಸನ್‌ಗೆ ಹೆಸರು ತಂದದ್ದು ಧೂಳಲ್ಲ, ಮಲೇರಿಯಾ. 1949ರಲ್ಲಿ ಕೀನ್ಯಾದ ಬುಡಕಟ್ಟುಗಳ ರಕ್ತ ಪರೀಕ್ಷಿಸುತ್ತಾ ಹೋದಾಗ ಕುಡಗೋಲು ರಕ್ತಕಣದ (ಸಿಕಲ್ ಸೆಲ್) ಗುಣ ಕರಾವಳಿಯಲ್ಲಿ, ವಿಕ್ಟೋರಿಯಾ ಸರೋವರದ ಸುತ್ತ ಹೆಚ್ಚು, ಬೆಟ್ಟದ ಸೀಮೆಯಲ್ಲಿ ಕಡಿಮೆ ಎಂದು ಕಂಡ. ಸೊಳ್ಳೆ ಎಲ್ಲಿ ಹೆಚ್ಚೋ ಅಲ್ಲಿ ಆ ಗುಣವೂ ಹೆಚ್ಚು. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಆ ಗುಣ ಪಡೆದ ಮಗುವಿಗೆ ಮಲೇರಿಯಾದಿಂದ ರಕ್ಷಣೆ, ಇಬ್ಬರಿಂದಲೂ ಪಡೆದರೆ ಪ್ರಾಣಕ್ಕೇ ಕುತ್ತು. 1954ರಲ್ಲಿ ಇದನ್ನು ಪ್ರಕಟಿಸಿದಾಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ಮನುಷ್ಯರಲ್ಲಿ ಪ್ರಕೃತಿಯ ಆಯ್ಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಇಂದಿಗೂ ಪಠ್ಯಪುಸ್ತಕಗಳು ಕೊಡುವ ಉದಾಹರಣೆ ಅದು. ಒಂದೇ ವಿಷಯ ಹಿಡಿದು ಜೀವನವಿಡೀ ಕೂರುವ ಜಾತಿಯ ವಿಜ್ಞಾನಿ ಅವನಲ್ಲ. ಲಂಡನ್ನಿಗೆ ಬಂದು ಮಿಲ್ ಹಿಲ್‌ನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ ಸೇರಿದ ಮೇಲೆ ಕೋಶದೊಳಗಿನ ಒಂದು ಹೊಸ ಅಂಗ ಅವನನ್ನು ಸೆಳೆಯಿತು.

ಅದು ಲೈಸೋಸೋಮ್. ಬೆಲ್ಜಿಯಮ್‌ನ ಕ್ರಿಸ್ಟಿಯಾನ್ ಡಿ ಡೂವ್ 1955ರಲ್ಲಿ ಅದನ್ನು ಲೋಕಕ್ಕೆ ತೋರಿಸಿದ್ದ. ಕೋಶದೊಳಗಿನ ಪುಟ್ಟ ಪೊರೆಚೀಲ, ಅದರ ತುಂಬ ಜೀರ್ಣರಸ. ಮ್ಯಾಕ್ರೋಫೇಜ್ ಏನನ್ನಾದರೂ ನುಂಗಿದರೆ ಅದು ಮೊದಲು ಒಂದು ಗುಳ್ಳೆಯಲ್ಲಿ ಬಂದಿಯಾಗುತ್ತದೆ, ಲೈಸೋಸೋಮ್‌ಗಳು ಬಂದು ಆ ಗುಳ್ಳೆಗೆ ಕೂಡಿಕೊಂಡು ರಸ ಸುರಿಯುತ್ತವೆ, ಒಳಗಿದ್ದದ್ದು ಕರಗುತ್ತದೆ. ರಸ ಗುಳ್ಳೆಯೊಳಗೆ ಇರುವವರೆಗೆ ಎಲ್ಲ ಸರಿ. ಹೊರಗೆ ಚೆಲ್ಲಿದರೆ ಕೋಶ ತನ್ನನ್ನೇ ಜೀರ್ಣಿಸಿಕೊಳ್ಳುತ್ತದೆ. ಆತ್ಮಹತ್ಯೆಯ ಚೀಲ ಎಂದು ಡಿ ಡೂವ್ ಅದಕ್ಕೆ ಅಡ್ಡಹೆಸರಿಟ್ಟದ್ದು ಇದಕ್ಕೇ.

ಬೆಣಚಿನ ಪುಡಿಗೆ ಹಾಕಿದ ಮ್ಯಾಕ್ರೋಫೇಜ್‌ಗಳು ಸಾಯುತ್ತವೆ ಎಂಬುದು ಅಷ್ಟು ಹೊತ್ತಿಗೆ ಗೊತ್ತಿತ್ತು. ಹೇಗೆ ಎಂಬುದು ಗೊತ್ತಿರಲಿಲ್ಲ. ಕಣದ ಚೂಪು ಅಂಚು ಕೋಶವನ್ನು ಇರಿಯುತ್ತದೆ ಎಂದು ಕೆಲವರು, ಸಿಲಿಕಾ ಸ್ವಲ್ಪ ಸ್ವಲ್ಪ ಕರಗಿ ವಿಷವಾಗುತ್ತದೆ ಎಂದು ಇನ್ನು ಕೆಲವರು. ಆಲಿಸನ್, ಹ್ಯಾರಿಂಗ್ಟನ್, ಬರ್ಬೆಕ್ ಮೂವರೂ ಸೇರಿ 1966ರಲ್ಲಿ ಮಾಡಿದ ಪ್ರಯೋಗ ಸರಳ, ಆದರೆ ಜಾಣತನದ್ದು. ಮ್ಯಾಕ್ರೋಫೇಜ್‌ಗಳನ್ನು ಗಾಜಿನ ಮೇಲೆ ಬೆಳೆಸಿ ಒಂದು ಗುಂಪಿಗೆ ಸಿಲಿಕಾ ಪುಡಿ ಕೊಟ್ಟರು, ಇನ್ನೊಂದಕ್ಕೆ ವಜ್ರದ ಪುಡಿ. ವಜ್ರ ಬೆಣಚಿಗಿಂತ ಗಟ್ಟಿ, ಕರಗುವ ಮಾತೇ ಇಲ್ಲ. ಇರಿಯುವುದೇ ಕಾರಣವಾಗಿದ್ದರೆ ವಜ್ರವೂ ಕೊಲ್ಲಬೇಕಿತ್ತು.

ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕೂಡಿಸಿ ಚಿತ್ರ ತೆಗೆಯುತ್ತಾ ಕೂತರು. ಎರಡೂ ಪುಡಿಯನ್ನು ಕೋಶಗಳು ಆಸೆಯಿಂದಲೇ ನುಂಗಿದವು. ಎರಡೂ ಗುಳ್ಳೆಯಲ್ಲಿ ಬಂದಿಯಾದವು, ಎರಡಕ್ಕೂ ಲೈಸೋಸೋಮ್‌ಗಳು ಬಂದು ಕೂಡಿಕೊಂಡವು. ಅಲ್ಲಿಂದಾಚೆ ದಾರಿ ಬೇರೆಯಾಯಿತು. ವಜ್ರದ ಕಣ ಗುಳ್ಳೆಯಲ್ಲೇ ಉಳಿಯಿತು; ಕೋಶಕ್ಕೆ ಅದನ್ನು ಕರಗಿಸಲಾಗಲಿಲ್ಲ, ಹಾಗಂತ ತೊಂದರೆಯೂ ಆಗಲಿಲ್ಲ, ಹೊಟ್ಟೆಯಲ್ಲಿಟ್ಟುಕೊಂಡೇ ಓಡಾಡಿಕೊಂಡಿತ್ತು. ಸಿಲಿಕಾ ಇದ್ದ ಗುಳ್ಳೆಗಳ ಪೊರೆ ಮಾತ್ರ ಒಂದು ದಿನದೊಳಗೆ ಸೋರತೊಡಗಿತು. ಬಣ್ಣ ಹಾಕಿ ನೋಡಿದರೆ ಜೀರ್ಣರಸ ಕೋಶದ ಮೈಯೆಲ್ಲ ಹರಡಿದೆ. ಕೋಶ ದುಂಡಗಾಯಿತು, ಚಲನೆ ನಿಂತಿತು, ಸತ್ತಿತು.

ಕೊಂದದ್ದು ಕಣದ ಚೂಪಲ್ಲ, ಮೈ. ಸಿಲಿಕಾ ಕಣದ ಮೇಲ್ಮೈಯಲ್ಲಿ ಸಿಲಿಕಾನ್, ಆಮ್ಲಜನಕ, ಜಲಜನಕ ಸೇರಿದ ಸಿಲನಾಲ್ ಎಂಬ ಗುಂಪುಗಳಿವೆ. ಅವು ಪೊರೆಯ ಕೊಬ್ಬಿನ ಅಣುಗಳನ್ನು ಹಿಡಿದೆಳೆದು ಹರಿಯುತ್ತವೆ ಎಂಬುದು ಆಲಿಸನ್ ತಂಡದ ವಾದ. ಪುರಾವೆಗೆ ಆ ಗುಂಪುಗಳಿಗೆ ಅಂಟಿಕೊಳ್ಳುವ ಒಂದು ಪಾಲಿಮರ್ ಹಾಕಿ ನೋಡಿದರು. ಅದೇ ಸಿಲಿಕಾ, ಅದೇ ಕೋಶ, ಆದರೆ ಕೋಶ ಬದುಕಿತು. 2020ರಲ್ಲಿ ಇಟಲಿಯ ಸಂಶೋಧಕರು ಈ ಎಳೆಯನ್ನೇ ಮುಂದಕ್ಕೆ ಎಳೆದು, ಒಂದಕ್ಕೊಂದು ಒಂದು ನಿರ್ದಿಷ್ಟ ದೂರದಲ್ಲಿರುವ ಸಿಲನಾಲ್‌ಗಳೇ ಅಪಾಯಕಾರಿ, ಕಲ್ಲನ್ನು ಹೊಸದಾಗಿ ಒಡೆದಾಗ ಅವು ಹುಟ್ಟಿಕೊಳ್ಳುತ್ತವೆ ಎಂದು ತೋರಿಸಿದರು. ಕೆರೆಯಂಗಳದ ಹಳೆಯ ಮರಳಿಗಿಂತ ಕ್ರಷರ್ ಬಾಯಿಂದ ಈಗಷ್ಟೇ ಬಿದ್ದ ಪುಡಿ ಯಾಕೆ ಕೆಟ್ಟದ್ದು ಎಂಬುದಕ್ಕೆ ಉತ್ತರ ಇಲ್ಲಿದೆ. ಎರಡೂ ಸಿಲಿಕಾವೇ. ಹೊಸ ಮುರುಕಿನ ಮೈ ಬೇರೆ.

ಈ ವಿಜ್ಞಾನ ಅರ್ಧ ಗೊತ್ತಾದಾಗ ಆದ ಅನಾಹುತವೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಲ್ಯೂಮಿನಿಯಂ ಸಿಲಿಕಾದ ಮೈ ಮುಚ್ಚುತ್ತದೆ ಎಂಬ ಪ್ರಾಣಿಪ್ರಯೋಗ ನಂಬಿಕೊಂಡು ಕೆನಡಾದ ಗಣಿಗಳಲ್ಲಿ 1943ರಿಂದ 1979ರವರೆಗೆ ಕೆಲಸಕ್ಕೆ ಇಳಿಯುವ ಮುನ್ನ ಕಾರ್ಮಿಕರನ್ನು ಕೋಣೆಯಲ್ಲಿ ಕೂರಿಸಿ ಅಲ್ಯೂಮಿನಿಯಂ ಪುಡಿ ಉಸಿರಾಡಿಸುತ್ತಿದ್ದರು. ಅಂಥವರಲ್ಲಿ ಪಾರ್ಕಿನ್‌ಸನ್ ಕಾಯಿಲೆ ಹೆಚ್ಚು ಎಂದು ದಶಕಗಳ ನಂತರ ಗೊತ್ತಾಯಿತು. ಧೂಳು ಕಡಿಮೆ ಮಾಡಿ ಅಂದರೆ ಖರ್ಚು. ಧೂಳಿನ ಮೇಲೆ ಇನ್ನೊಂದು ಧೂಳು ಕುಡಿಸುವುದು ಅಗ್ಗ.

ಈಗ ಕೆಲಸ ಬಿಟ್ಟ ಮೇಲೂ ಕಾಯಿಲೆ ಯಾಕೆ ನಡೆಯುತ್ತದೆ ಎಂಬ ಪ್ರಶ್ನೆಗೆ ಬರೋಣ. ಕೋಶ ಸತ್ತಿತು. ಒಳಗಿದ್ದ ಸಿಲಿಕಾ ಕಣ? ಅದಕ್ಕೇನೂ ಆಗಿಲ್ಲ. ಸತ್ತ ಕೋಶ ಒಡೆದಾಗ ಹೊರಗೆ ಬೀಳುತ್ತದೆ. ಬಿದ್ದದ್ದನ್ನು ಚೊಕ್ಕಟ ಮಾಡಲು ಇನ್ನೊಂದು ಮ್ಯಾಕ್ರೋಫೇಜ್ ಬರುತ್ತದೆ, ನುಂಗುತ್ತದೆ, ಸಾಯುತ್ತದೆ. ಆಮೇಲೆ ಮತ್ತೊಂದು. ಪಾಳುಬಾವಿಯಲ್ಲಿ ಉಸಿರುಗಟ್ಟಿ ಬಿದ್ದವನನ್ನು ಎತ್ತಲು ಒಬ್ಬನು ಇಳಿದು, ಅವನನ್ನು ಎತ್ತಲು ಇನ್ನೊಬ್ಬನು ಇಳಿದು, ಒಂದೇ ಮನೆಯ ಮೂರು ನಾಲ್ಕು ಜನ ಹೋದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವಲ್ಲ, ಅದೇ ಇದು. ವ್ಯತ್ಯಾಸವೇನೆಂದರೆ ಬಾವಿಯ ಬಳಿ ಯಾರಾದರೂ ಕೂಗಿ ತಡೆಯುತ್ತಾರೆ, ಇಲ್ಲಿ ತಡೆಯುವವರಿಲ್ಲ. ಒಂದೇ ಕಣ ವರ್ಷಗಟ್ಟಲೆ ಎಷ್ಟು ಕೋಶಗಳನ್ನಾದರೂ ಮುಗಿಸಬಲ್ಲದು. ಹೊಸ ಧೂಳು ಬೇಕಾಗಿಲ್ಲ. 1990ರಲ್ಲಿ ಒಳಗೆ ಹೋದ ಕಣ ಇವತ್ತಿಗೂ ಡ್ಯೂಟಿಯಲ್ಲಿದೆ.

ಸಾಯುವ ಕೋಶ ಸುಮ್ಮನೆ ಸಾಯುವುದಿಲ್ಲ ಎಂಬುದು ಎರಡನೆಯ ಸಂಗತಿ. ಸಿಲಿಕಾ ತಿಂದ ಮ್ಯಾಕ್ರೋಫೇಜ್‌ನಿಂದ ಏನೋ ಒಂದು ರಾಸಾಯನಿಕ ಹೊರಬಂದು, ನಾರು ನೇಯುವ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಕೆರಳಿಸುತ್ತದೆ ಎಂದು ಹೆಪಲ್‌ಸ್ಟನ್ ಮತ್ತು ಸ್ಟೈಲ್ಸ್ 1967ರಲ್ಲೇ ತೋರಿಸಿದ್ದರು. ಆ ‘ಏನೋ ಒಂದು’ ಏನು ಎಂಬುದಕ್ಕೆ ನಾಲ್ಕು ದಶಕ ಕಾಯಬೇಕಾಯಿತು. 2008ರಲ್ಲಿ ಸ್ವಿಟ್ಜರ್ಲೆಂಡ್‌ನ ಯುರ್ಗ್ ಚಾಪ್ ತಂಡ ಮತ್ತು ಅಮೆರಿಕದ ಇನ್ನೆರಡು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಉತ್ತರ ತಂದವು. ಮ್ಯಾಕ್ರೋಫೇಜ್‌ನೊಳಗೆ ಎನ್ಎಲ್ಆರ್‌ಪಿ3 ಎಂಬ ಪ್ರೋಟೀನ್ ಇದೆ. ಕೋಶದೊಳಗೆ ಏನಾದರೂ ಅಪಾಯವಾದರೆ, ಉದಾಹರಣೆಗೆ ಲೈಸೋಸೋಮ್ ಒಡೆದರೆ, ಅದು ಬೇರೆ ಪ್ರೋಟೀನ್‌ಗಳನ್ನು ಕೂಡಿಸಿಕೊಂಡು ಇನ್‌ಫ್ಲಮಸೋಮ್ ಎಂಬ ಜೋಡಣೆಯಾಗುತ್ತದೆ. ಜೋಡಣೆಯಾದ ಕೂಡಲೇ ಇಂಟರ್‌ಲ್ಯೂಕಿನ್-1 ಎಂಬ ಸಂದೇಶ ಹೊರಗೆ ಚಿಮ್ಮುತ್ತದೆ. ಉರಿಯೂತದ ಕೋಶಗಳೆಲ್ಲ ಅತ್ತ ಧಾವಿಸುತ್ತವೆ. ಈ ಪ್ರೋಟೀನ್ ಇಲ್ಲದ ಇಲಿಗಳಿಗೆ ಸಿಲಿಕಾ ಕೊಟ್ಟಾಗ ಉರಿಯೂತವೂ ಕಡಿಮೆ, ನಾರೂ ಕಡಿಮೆ. ಲೈಸೋಸೋಮ್ ಒಡೆಯುವುದೇ ಎಲ್ಲಕ್ಕೂ ಮೊದಲು ಎಂಬ ಆಲಿಸನ್‌ನ ಮಾತಿಗೆ 42 ವರ್ಷದ ಮೇಲೆ ಅಣುಮಟ್ಟದ ಸಾಕ್ಷಿ ಸಿಕ್ಕಂತಾಯಿತು.

ಸಂದೇಶ ನಿಲ್ಲದೆ ಹೋಗುತ್ತಿದ್ದರೆ ಫೈಬ್ರೋಬ್ಲಾಸ್ಟ್‌ಗಳೂ ನಿಲ್ಲದೆ ಕೊಲಾಜೆನ್ ನೇಯುತ್ತವೆ. ಗಾಯ ಮಾಯಿಸುವ ಅದೇ ನಾರು. ಸತ್ತ ಕೋಶಗಳ ಸುತ್ತ ಪದರ ಪದರವಾಗಿ ಸುತ್ತಿಕೊಂಡು, ಅಡ್ಡ ಕೊಯ್ದರೆ ಈರುಳ್ಳಿಯ ಬಿಲ್ಲೆ ಕಂಡಂತೆ, ಗಂಟಾಗುತ್ತದೆ. ಹೆಚ್ಚಾಗಿ ಶ್ವಾಸಕೋಶದ ಮೇಲಿನ ಭಾಗದಲ್ಲಿ. ಎಕ್ಸ್‌ರೇಯಲ್ಲಿ ಮೊದಲು ಸಾಸಿವೆ ಚೆಲ್ಲಿದ ಹಾಗೆ ಕಾಣುವ ಚುಕ್ಕೆಗಳು ಇವೇ. ಹತ್ತಿರದ ದುಗ್ಧಗ್ರಂಥಿಗಳ ಅಂಚಿಗೆ ಕೆಲವೊಮ್ಮೆ ಮೊಟ್ಟೆಯ ಸಿಪ್ಪೆಯಷ್ಟು ತೆಳುವಾಗಿ ಸುಣ್ಣ ಕಟ್ಟಿರುತ್ತದೆ. ಅನುಭವಿ ರೇಡಿಯಾಲಜಿಸ್ಟ್ ಆ ಬಿಳಿ ಗೆರೆ ಕಂಡರೆ ‘ಕಲ್ಲಿನ ಕೆಲಸ ಮಾಡಿದ್ದೀರಾ?’ ಎಂದೇ ಕೇಳುತ್ತಾರೆ. ನಾರುಗಟ್ಟಿದ ಜಾಗ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ, ಅಲ್ಲಿ ಆಮ್ಲಜನಕ ರಕ್ತಕ್ಕೆ ದಾಟುವುದಿಲ್ಲ.

ನಮ್ಮ ಕಡೆಯ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ: ಕ್ಷಯ. ಟಿಬಿ ಬ್ಯಾಕ್ಟೀರಿಯಾ ಎದೆಗೆ ಬಂದಾಗ ಅದನ್ನು ನುಂಗಿ ಹದ್ದುಬಸ್ತಿನಲ್ಲಿಡುವುದು ಇದೇ ಮ್ಯಾಕ್ರೋಫೇಜ್. ಅದೇ ಸಾಯುತ್ತಿದ್ದರೆ? ಆಲಿಸನ್ ಇದನ್ನೂ ನೋಡಿದ. ಈ ಸಲ ಜೊತೆಗಿದ್ದವನು ಫಿಲಿಪ್ ಡಾರ್ಸಿ ಹಾರ್ಟ್. ವೇಲ್ಸ್‌ನ ಕಲ್ಲಿದ್ದಲು ಗಣಿಗಾರರ ಎದೆರೋಗ ಅಧ್ಯಯನ ಮಾಡಿದವನು, ಕ್ಷಯದ ಔಷಧ ಸ್ಟ್ರೆಪ್ಟೊಮೈಸಿನ್‌ನ 1948ರ ಪ್ರಸಿದ್ಧ ಪರೀಕ್ಷೆಯ ಹಿಂದಿದ್ದವನು, 106 ವರ್ಷ ಬದುಕಿದವನು. 1968ರಲ್ಲಿ ಇಬ್ಬರೂ ಸೇರಿ ಮ್ಯಾಕ್ರೋಫೇಜ್‌ಗಳಿಗೆ ಸಾಯದಷ್ಟು, ಬಳಲುವಷ್ಟು ಮಾತ್ರ ಸಿಲಿಕಾ ಕೊಟ್ಟು, ಆಮೇಲೆ ಕ್ಷಯದ ಬ್ಯಾಕ್ಟೀರಿಯಾ ಬಿಟ್ಟರು. ಬರೀ ಕೋಶದಲ್ಲಿ ಬೆಳೆಯುವುದಕ್ಕಿಂತ ಸಿಲಿಕಾ ತಿಂದ ಕೋಶದಲ್ಲಿ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯಿತು. ಕೊಲ್ಲಬೇಕಾದ ಕೋಶವೇ ಬೀಡಾಯಿತು. ಗಾಜಿನ ಮೇಲೆ ಕಂಡದ್ದು ಗಣಿಯಲ್ಲೂ ಕಂಡಿತು: ದಕ್ಷಿಣ ಆಫ್ರಿಕಾದ 1,153 ಚಿನ್ನದ ಗಣಿ ಕಾರ್ಮಿಕರನ್ನು ಹಿಂಬಾಲಿಸಿ 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಲಿಕೋಸಿಸ್ ಇಲ್ಲದವರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರಂತೆ ಟಿಬಿ ಬಂದರೆ, ಇದ್ದವರಲ್ಲಿ ನೂರಕ್ಕೆ 2.7.

ಇದರಿಂದ ಎರಡು ಬಗೆಯ ಎಡವಟ್ಟು ಆಗುತ್ತದೆ. ಒಂದು, ಸಿಲಿಕೋಸಿಸ್ ಇದ್ದವನಿಗೆ ಟಿಬಿ ಎಂದೇ ಚೀಟಿ ಬರೆದು, ಕಫದಲ್ಲಿ ಏನೂ ಸಿಗದಿದ್ದರೂ ಆರು ತಿಂಗಳ ಮಾತ್ರೆ ಮುಗಿಸಿ, ಕೆಮ್ಮು ಹೋಗಲಿಲ್ಲವೆಂದು ಮತ್ತೆ ಆರು ತಿಂಗಳು. ಎಕ್ಸ್‌ರೇ ಎರಡರಲ್ಲೂ ಮೇಲ್ಭಾಗದ ಚುಕ್ಕೆ ತೋರಿಸುವುದರಿಂದ ವೈದ್ಯರನ್ನು ಪೂರ್ತಿ ದೂರಲಾಗದು. ಆದರೆ ‘ಏನು ಕೆಲಸ?’ ಎಂದು ಕೇಳದೇ ಇದ್ದರೆ ದೂರಲೇಬೇಕು. ಎರಡು, ಸಿಲಿಕೋಸಿಸ್ ಗೊತ್ತಿದ್ದವನಿಗೆ ನಿಜಕ್ಕೂ ಟಿಬಿ ಹತ್ತಿದಾಗ ‘ಅದೇ ಹಳೆಯ ಧೂಳಿನ ಕೆಮ್ಮು’ ಎಂದು ಬಿಟ್ಟುಬಿಡುವುದು. ತೂಕ ಇಳಿದರೆ, ಸಂಜೆ ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ ಕಫ ಪರೀಕ್ಷೆ ಆಗಲೇಬೇಕು. ದಮ್ಮು ಇಳಿಯಲೆಂದು ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದು ಇಂಥವರಿಗೆ ದುಪ್ಪಟ್ಟು ಅಪಾಯ, ಉಳಿದಿರುವ ಅಲ್ಪಸ್ವಲ್ಪ ರಕ್ಷಣೆಯನ್ನೂ ಅದು ಇಳಿಸುತ್ತದೆ.

ಸಿಲಿಕಾ ರೋಗನಿರೋಧಕ ಶಕ್ತಿಯನ್ನು ಒಂದು ಕಡೆ ಕುಗ್ಗಿಸಿದರೆ ಇನ್ನೊಂದು ಕಡೆ ದಾರಿ ತಪ್ಪಿಸುತ್ತದೆ. ಸತ್ತ ಕೋಶಗಳ ಒಳಸಾಮಾನು ಹೊರಗೆ ಬಿದ್ದು ಬಿದ್ದು, ಕೆಲವರಲ್ಲಿ ದೇಹ ತನ್ನದೇ ಭಾಗಗಳ ವಿರುದ್ಧ ಪ್ರತಿಕಾಯ ತಯಾರಿಸತೊಡಗುತ್ತದೆ. ಚರ್ಮ ಬಿಗಿದು ಬೆರಳು ಮಡಚಲಾಗದ ಸ್ಕ್ಲೀರೋಡರ್ಮ ಎಂಬ ಕಾಯಿಲೆ ಎಡಿನ್‌ಬರೋದ ಕಲ್ಲುಕುಟಿಗರಲ್ಲಿ ಹೆಚ್ಚು ಎಂದು 1914ರಲ್ಲೇ ಒಬ್ಬ ವೈದ್ಯ ಬರೆದಿದ್ದ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಂದ 1957ರಲ್ಲಿ ಅದೇ ವರದಿ. ಕೀಲುವಾತವೂ ಈ ಪಟ್ಟಿಯಲ್ಲಿದೆ. ಕಲ್ಲಿನ ಕೆಲಸದವನಿಗೆ ಚಳಿಗೆ ಬೆರಳ ತುದಿ ಬೆಳ್ಳಗಾಗಿ ನೀಲಿಗಟ್ಟಿದರೆ ಅದನ್ನು ಬರೀ ವಯಸ್ಸಿನ ಲೆಕ್ಕಕ್ಕೆ ಹಾಕಬಾರದು.

ಆಲಿಸನ್‌ನ ಕಥೆಯ ಕೊನೆಯ ಭಾಗ ಇಲ್ಲಿಗೇ ಬಂದು ಸೇರುತ್ತದೆ. ನೈರೋಬಿಯಲ್ಲಿ ಜಾನುವಾರು ರೋಗಗಳ ಪ್ರಯೋಗಾಲಯ ನಡೆಸಿ, 1981ರಲ್ಲಿ ಕ್ಯಾಲಿಫೋರ್ನಿಯಾದ ಸಿಂಟೆಕ್ಸ್ ಔಷಧ ಕಂಪನಿ ಸೇರಿದ. ದೇಹದ ಮೇಲೇ ತಿರುಗಿಬಿದ್ದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನಷ್ಟೇ ಹಿಡಿದು ನಿಲ್ಲಿಸುವ ಔಷಧ ಬೇಕಿತ್ತು. ಅವನ ಯೋಚನೆ ಹೀಗೆ ಓಡಿತು: ಪ್ಯೂರಿನ್ ಎಂಬ ಕಚ್ಚಾವಸ್ತುವನ್ನು ಕೋಶಗಳು ಎರಡು ದಾರಿಯಲ್ಲಿ ಪಡೆಯುತ್ತವೆ, ಹೊಸದಾಗಿ ತಯಾರಿಸಿಕೊಂಡು ಅಥವಾ ಹಳೆಯದನ್ನು ಮರಳಿ ಬಳಸಿ. ಮರುಬಳಕೆಯ ದಾರಿ ಹುಟ್ಟಿನಿಂದಲೇ ಮುಚ್ಚಿದ ಮಕ್ಕಳಿಗೆ ಮಿದುಳಿನ ತೊಂದರೆ ಇರುತ್ತದೆ, ರೋಗನಿರೋಧಕ ಶಕ್ತಿ ಮಾತ್ರ ಸರಿಯಾಗೇ ಇರುತ್ತದೆ. ಹಾಗಾದರೆ ಲಿಂಫೋಸೈಟ್‌ಗಳು ನೆಚ್ಚಿರುವುದು ಹೊಸ ತಯಾರಿಕೆಯ ದಾರಿಯನ್ನೇ. ಅದನ್ನು ಮುಚ್ಚಿದರೆ ಅವಷ್ಟೇ ಸೊರಗುತ್ತವೆ. ಆ ದಾರಿ ಮುಚ್ಚುವ ವಸ್ತು ಹಳೆಯದೇ ಒಂದಿತ್ತು, 1893ರಲ್ಲಿ ಇಟಲಿಯ ಗೋಸಿಯೋ ಬೂಷ್ಟಿನಿಂದ ಬೇರ್ಪಡಿಸಿ, ಆಮೇಲೆ ಮೂಲೆಗೆ ಬಿದ್ದಿದ್ದ ಮೈಕೋಫಿನಾಲಿಕ್ ಆಮ್ಲ. ಆಲಿಸನ್ ಮತ್ತು ಎಲ್ಸಿ ಯೂಗಿ ಅದನ್ನು ಮೈಕೋಫಿನೊಲೇಟ್ ಎಂಬ ಔಷಧವಾಗಿ ಬೆಳೆಸಿದರು. ಮೂತ್ರಪಿಂಡ ಕಸಿಯಾದವರಿಗೆಂದು 1995ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಸ್ಕ್ಲೀರೋಡರ್ಮ ರೋಗಿಗಳ ಶ್ವಾಸಕೋಶ ನಾರುಗಟ್ಟುವುದನ್ನು ಹಿಂದಿನ ಕಠೋರ ಔಷಧದಷ್ಟೇ ಚೆನ್ನಾಗಿ, ಕಡಿಮೆ ಅಡ್ಡಪರಿಣಾಮದಲ್ಲಿ ಅದು ತಡೆಯುತ್ತದೆ ಎಂದು 2016ರ ಪರೀಕ್ಷೆ ತೋರಿಸಿತು. ಆಲಿಸನ್ ಅದನ್ನು ನೋಡಲಿಲ್ಲ, 2014ರಲ್ಲಿ ತೀರಿಕೊಂಡಿದ್ದ. ಗಮನಿಸಿ: ಇದು ಸ್ಕ್ಲೀರೋಡರ್ಮದ ಮಾತು. ಬರೀ ಸಿಲಿಕೋಸಿಸ್‌ಗೆ ಈ ಔಷಧ ಮದ್ದಲ್ಲ. ಕಟ್ಟಿದ ನಾರನ್ನು ಕರಗಿಸುವ ಮದ್ದು ಯಾವುದೂ ಇನ್ನೂ ಇಲ್ಲ.

ಮದ್ದಿಲ್ಲದ ಮೇಲೆ ಉಳಿಯುವುದು ಧೂಳು ಒಳಗೆ ಹೋಗದಂತೆ ನೋಡಿಕೊಳ್ಳುವುದು, ಮತ್ತು ಹೋಗಿದ್ದರೆ ಬೇಗ ಪತ್ತೆ ಮಾಡುವುದು. ಧೂಳಿಗೆ ನೀರಿಗಿಂತ ಅಗ್ಗದ ಉಪಾಯವಿಲ್ಲ. ಕೊರೆಯುವ ಮೊನೆಗೆ, ಗ್ರೈಂಡರ್ ಚಕ್ರಕ್ಕೆ, ಕ್ರಷರ್ ಬಾಯಿಗೆ ನೀರು ಬೀಳುತ್ತಿದ್ದರೆ ಮೋಡ ಏಳುವ ಬದಲು ಕೆಸರು ಇಳಿಯುತ್ತದೆ. ಸಾವಿರದೈನೂರು ಅಡಿಗೆ ಕೊಳವೆಬಾವಿ ಕೊರೆದರೂ ನೀರು ಸಿಗದ ನಮ್ಮ ಜಿಲ್ಲೆಗಳಲ್ಲಿ ಈ ಮಾತು ಹೇಳಲು ನಾಲಿಗೆ ತಡವರಿಸುತ್ತದೆ, ನಿಜ. ಆದರೆ ಕೆಸರಿನ ನೀರನ್ನು ತೊಟ್ಟಿಯಲ್ಲಿ ತಿಳಿಯಾಗಿಸಿ ಮತ್ತೆ ಬಳಸಬಹುದು. ಅದಕ್ಕೆ ಕುಡಿಯುವ ನೀರು ಬೇಕಿಲ್ಲ. ಟವಲ್ ಕಟ್ಟುವುದರಿಂದ ಮೈಕ್ರಾನ್ ಕಣ ನಿಲ್ಲುವುದಿಲ್ಲ, ಎನ್-95 ಮಾಸ್ಕ್ ಬೇಕು. ಆದರೆ ಮೇ ತಿಂಗಳ ಬಿಸಿಲಲ್ಲಿ ಎಂಟು ಗಂಟೆ ಅದನ್ನು ಹಾಕಿಕೊಂಡು ಕಲ್ಲು ಒಡೆಯಿರಿ ಅನ್ನುವವರು ಒಂದು ಗಂಟೆ ಒಡೆದು ತೋರಿಸಲಿ. ಮಾಸ್ಕ್ ಕೊನೆಯ ಆಸರೆ, ಮೊದಲನೆಯದಲ್ಲ. ಅಡುಗೆಮನೆಯ ಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಜ್ ಚಪ್ಪಡಿಗಳಲ್ಲಿ ಸಿಲಿಕಾ ಶೇ 90ರವರೆಗೂ ಇರುತ್ತದೆ. ಅದನ್ನು ಒಣದಾಗಿ ಕತ್ತರಿಸಿದ ಯುವಕರು ಸಾಲಾಗಿ ಹಾಸಿಗೆ ಹಿಡಿದದ್ದು ಕಂಡು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು. ನಮ್ಮಲ್ಲಿ ಅದನ್ನು ಮನೆಯೊಳಗೇ, ಕಿಟಕಿ ಮುಚ್ಚಿಕೊಂಡು ಕತ್ತರಿಸುತ್ತಾರೆ.

ಪತ್ತೆಯ ವಿಷಯದಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಒಳ್ಳೆಯ ಕೆಲಸ ಮಾಡಿದೆ. ಶ್ವಾಸನಾಳದ ಕೋಶಗಳು ಸ್ರವಿಸುವ ಸಿಸಿ16 ಎಂಬ ಪ್ರೋಟೀನ್ ಸಿಲಿಕಾ ಧೂಳಿಗೆ ಒಡ್ಡಿಕೊಂಡವರ ರಕ್ತದಲ್ಲಿ ಇಳಿಯುತ್ತದೆ. ಎಕ್ಸ್‌ರೇಯಲ್ಲಿ ಚುಕ್ಕೆ ಮೂಡುವ ಮುನ್ನವೇ ಅದನ್ನು ಹಿಡಿಯುವ ಸರಳ ಕಿಟ್ ಅವರು ತಯಾರಿಸಿದ್ದಾರೆ. ಇದು ರೋಗ ಇದೆ ಎಂಬ ಅಂತಿಮ ತೀರ್ಪಲ್ಲ, ಯಾರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕು ಎಂದು ಸೋಸುವ ಜರಡಿ.

ಸಿಲಿಕೋಸಿಸ್ ಇದೆ ಎಂದು ಗೊತ್ತಾದವರಿಗೆ ಇನ್ನೆರಡು ಹಕ್ಕುಗಳಿವೆ. ಕಾನೂನಿನ ಪ್ರಕಾರ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ; ಕಾರ್ಮಿಕರಿಗೆ ಪರಿಹಾರ ಕೊಡಬೇಕಾದ ಕಾಯಿಲೆಗಳ ಪಟ್ಟಿಯಲ್ಲೂ ಧೂಳಿನ ಎದೆರೋಗವಿದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಕ್ರಷರ್ ಕೂಲಿಯವನು ಎಲ್ಲಿ ಎಷ್ಟು ವರ್ಷ ದುಡಿದೆ ಎಂದು ತೋರಿಸುವುದು ಕಷ್ಟ. ಆದ್ದರಿಂದ ಇಎಸ್ಐ ಚೀಟಿ, ಮೇಸ್ತ್ರಿ ಕೊಟ್ಟ ಬಟವಾಡೆ ಚೀಟಿ, ಕೆಲಸದ ಜಾಗದ ಫೋಟೋ ಏನಿದ್ದರೂ ಎತ್ತಿಡಬೇಕು. ಎರಡನೆಯದು, ದೇಶದ ಕ್ಷಯ ನಿಯಂತ್ರಣ ಮಾರ್ಗಸೂಚಿಯಲ್ಲಿ 2021ರಿಂದ ಟಿಬಿ ತಡೆ ಮಾತ್ರೆ ಕೊಡಬೇಕಾದವರ ಸಾಲಿನಲ್ಲಿ ಸಿಲಿಕೋಸಿಸ್ ಇರುವವರೂ ಸೇರಿದ್ದಾರೆ. ಟಿಬಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಕೊಡುವ ಮಾತ್ರೆ ಅದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕೇಳಿದರೆ ಕೊಡುತ್ತಾರೆ. ಕೇಳುವಾಗ ‘ಕೆಮ್ಮು’ ಎಂದಷ್ಟೇ ಹೇಳಿ ನಿಲ್ಲಿಸದೆ ಯಾವ ಕಲ್ಲು, ಯಾವ ಯಂತ್ರ, ನೀರು ಹಾಕುತ್ತಿದ್ದರೋ ಇಲ್ಲವೋ, ಎಷ್ಟು ವರ್ಷ ಎಂಬುದನ್ನೂ ಹೇಳಿ ಹೊರರೋಗಿ ಚೀಟಿಯಲ್ಲಿ ಬರೆಸಬೇಕು. ಕೆಲಸ ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಸರಿ.